ದಾಖಲೆಗಳೊಳಗಿನ ಜನದನಿ: ಜಾನ್ ಮುರ್ರಾ ಅವರ ಇಂಕಾ ಅಧ್ಯಯನ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದಲ್ಲಿ ಹದಿನೈದನೆಯ ಶತಮಾನದಲ್ಲಿ ಹಬ್ಬಿ, 1532ರಿಂದ ಸ್ಪೇನಿನ ಆಕ್ರಮಣಕ್ಕೆ ತುತ್ತಾದ ಇಂಕಾ ಸಾಮ್ರಾಜ್ಯವನ್ನು ಕುರಿತ ಬರವಣಿಗೆ ವಿಪುಲವಾಗಿದೆ. ಆದರೆ ಬಹುಕಾಲದವರೆಗೆ ಅದು ಕುಸ್ಕೋ ನಗರದ ಅರಸರ ವಂಶಾವಳಿ, ದಂಡಯಾತ್ರೆ ಮತ್ತು ಚಿನ್ನದ ಸುತ್ತಲೇ ಸುತ್ತುತ್ತಿತ್ತು. ಅದೊಂದು ಸಮಾಜವಾದಿ ರಾಜ್ಯವೋ ನಿರಂಕುಶ ಪ್ರಭುತ್ವವೋ ಎಂಬ ವಾಗ್ವಾದದಲ್ಲಿ ಹೊಲ ಉತ್ತವರು, ಬಟ್ಟೆ ನೇಯ್ದವರು ಮರೆಯಾಗಿದ್ದರು. ನಾಣ್ಯವಿಲ್ಲದ, ಅಕ್ಷರಲಿಪಿಯಿಲ್ಲದ, ದೊಡ್ಡ ಮಾರುಕಟ್ಟೆಗಳನ್ನು ಅವಲಂಬಿಸದ ರಾಜ್ಯವೊಂದು ತನ್ನ ಸೇನೆಗೆ ಅನ್ನ, ಬಟ್ಟೆಗಳನ್ನು ಒದಗಿಸಿದ್ದು ಹೇಗೆ? ಈ ಪ್ರಶ್ನೆಯನ್ನು ಹಳ್ಳಿಯ ಕಡೆಯಿಂದ ಕೇಳಿ ಇಂಕಾ ಅಧ್ಯಯನದ ದಿಕ್ಕನ್ನೇ ಬದಲಿಸಿದವರು ಮಾನವಶಾಸ್ತ್ರಜ್ಞ ಜಾನ್ ವಿಕ್ಟರ್ ಮುರ್ರಾ.

ಮುರ್ರಾ 1916ರಲ್ಲಿ ಒಡೆಸ್ಸಾದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಇಸಾಕ್ ಲಿಪ್‌ಶಿಟ್ಜ್ ಎಂಬುದು ಅವರ ಮೊದಲ ಹೆಸರು. ಬೆಳೆದದ್ದು ರುಮೇನಿಯಾದಲ್ಲಿ. ಎಡಪಂಥೀಯ ಚಟುವಟಿಕೆಗಳಿಗಾಗಿ ಹದಿಹರೆಯದಲ್ಲಿಯೇ ಸೆರೆವಾಸ ಕಂಡ ಅವರು 1934ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತೆರಳಿ ಶಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದರು. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಹೋರಾಡಲು ಹೊರಟರು. ಹಲವು ಭಾಷೆಗಳನ್ನು ಬಲ್ಲವರಾದುದರಿಂದ ಅಲ್ಲಿ ದುಭಾಷಿಯಾಗಿಯೂ ದುಡಿದು, ಗಾಯಗೊಂಡು, 1939ರಲ್ಲಿ ಹಿಂದಿರುಗಿದರು. 1941-42ರಲ್ಲಿ ಈಕ್ವೆಡಾರಿನಲ್ಲಿ ನಡೆಸಿದ ಪುರಾತತ್ತ್ವ ಸಮೀಕ್ಷೆಯು ಅವರನ್ನು ಆಂಡಿಸ್ ಅಧ್ಯಯನಕ್ಕೆ ಶಾಶ್ವತವಾಗಿ ಒಲಿಸಿತು.

ಆದರೆ ಸ್ಪೇನಿನಲ್ಲಿ ಹೋರಾಡಿದ ಹಿನ್ನೆಲೆಯೇ ಅವರ ಮುಂದಿನ ದಾರಿಗೆ ಅಡ್ಡವಾಯಿತು. ಅಮೆರಿಕದ ಪೌರತ್ವ ದೊರೆತದ್ದು 1950ರಲ್ಲಿ. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ದೊರೆತದ್ದು 1956ರಲ್ಲಿ. ಕ್ಷೇತ್ರಕಾರ್ಯವನ್ನೇ ಜೀವಾಳವಾಗಿ ಬಗೆಯುವ ಶಾಸ್ತ್ರದ ವಿದ್ವಾಂಸನಿಗೆ ಕ್ಷೇತ್ರವೇ ಎಟುಕದಂತಾಯಿತು. ಅನಿವಾರ್ಯವಾಗಿ ಅವರು ಗ್ರಂಥಾಲಯದ ಕಡೆಗೆ ಹೊರಳಿದರು. ಹದಿನಾರು, ಹದಿನೇಳನೆಯ ಶತಮಾನಗಳ ಸ್ಪ್ಯಾನಿಷ್ ವೃತ್ತಾಂತಗಳನ್ನು, ಜನರ ನಡುವೆ ಕುಳಿತು ಪ್ರಶ್ನೆ ಕೇಳುವವನಂತೆ ಓದತೊಡಗಿದರು. ಇಂಕಾ ರಾಜ್ಯದ ಆರ್ಥಿಕ ಸಂಘಟನೆಯನ್ನು ಕುರಿತ ಅವರ ಮಹಾಪ್ರಬಂಧವು (1956) ಈ ನಿರ್ಬಂಧದ ಫಲ.

ಇಂಕಾ ರಾಜ್ಯವು ರೈತನಿಂದ ಪಡೆದದ್ದು ಅವನ ಬೆಳೆಯನ್ನಲ್ಲ, ಅವನ ದುಡಿಮೆಯನ್ನು ಎಂಬುದು ಈ ಪ್ರಬಂಧದ ತಿರುಳು. ಬಂಧುವರ್ಗದ ಸಮುದಾಯಕ್ಕೆ ಸೇರಿದ ಹೊಲದ ಫಸಲು ಸಮುದಾಯದ್ದೇ. ಪ್ರಭುತ್ವದ ಹೊಲದಲ್ಲಿ ಸರದಿಯ ಮೇಲೆ ಗೇಯುವುದು ಮಾತ್ರ ರೈತನ ಹೊಣೆ. ನೇಯ್ಗೆಗೂ ಇದೇ ನಿಯಮ: ಉಣ್ಣೆ ಅಥವಾ ಹತ್ತಿ ರಾಜ್ಯದ್ದು, ಶ್ರಮ ಮನೆಯವರದು. ಹಳ್ಳಿಗರ ನಡುವೆ ಮೊದಲಿನಿಂದಲೂ ಇದ್ದ ಪರಸ್ಪರ ನೆರವಿನ ಭಾಷೆಯನ್ನೇ ಬಳಸಿಕೊಂಡು ಪ್ರಭುತ್ವವು ತನ್ನ ಬೇಡಿಕೆಯನ್ನು ಮುಂದಿಟ್ಟಿತೆಂಬುದನ್ನು ಮುರ್ರಾ ಗುರುತಿಸಿದರು. 1962ರಲ್ಲಿ ಪ್ರಕಟವಾದ ಅವರ ಲೇಖನವೊಂದು ಬಟ್ಟೆಯ ಪಾತ್ರವನ್ನು ವಿವರಿಸುತ್ತದೆ. ಸೈನಿಕನಿಗೆ ಸಂಭಾವನೆಯಾಗಿ, ಸೋತ ನಾಯಕನಿಗೆ ಉಡುಗೊರೆಯಾಗಿ, ದೇವರಿಗೆ ಅಗ್ನಿಯಲ್ಲಿ ಅರ್ಪಿಸುವ ಬಲಿಯಾಗಿ ಬಟ್ಟೆ ಬಳಕೆಯಾಗುತ್ತಿತ್ತು. ಉಡುಗೊರೆಯನ್ನು ಸ್ವೀಕರಿಸಿದವನು ಅಧೀನತೆಯನ್ನೂ ಸ್ವೀಕರಿಸಿದಂತೆಯೇ ಆಗುತ್ತಿತ್ತು.

ಅರಮನೆಯ ನೆನಪುಗಳನ್ನು ಆಧರಿಸಿದ ವೃತ್ತಾಂತಗಳ ಮಿತಿಯನ್ನು ಅರಿತ ಮುರ್ರಾ, ವಸಾಹತು ಅಧಿಕಾರಿಗಳು ಕಂದಾಯ ನಿಗದಿಗಾಗಿ ನಡೆಸಿದ ತಪಾಸಣೆಗಳ ವರದಿಗಳತ್ತ ಗಮನ ಹರಿಸಿದರು. ಟಿಟಿಕಾಕಾ ಸರೋವರ ತೀರದ ಚುಕ್ವಿಟೋ ಪ್ರಾಂತದ 1567ರ ವರದಿ 1964ರಲ್ಲಿ ಪ್ರಕಟವಾಯಿತು. ವಾನುಕೋ ಪ್ರಾಂತದ 1562ರ ವರದಿಯನ್ನು ಅವರೇ ಸಂಪಾದಿಸಿ 1967 ಮತ್ತು 1972ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಈ ಎರಡನೆಯ ತಪಾಸಣೆಯಲ್ಲಿ ಅಧಿಕಾರಿ ಮನೆಮನೆಗೂ ಹೋಗಿ ಪ್ರಶ್ನಿಸಿದ್ದನು. ಕಂದಾಯಕ್ಕಾಗಿ ಕೇಳಿದ ಪ್ರಶ್ನೆಗಳಿಗೆ ಹಳ್ಳಿಗರು ಕೊಟ್ಟ ಉತ್ತರಗಳಲ್ಲಿ ಅವರ ಬದುಕಿನ ವಿನ್ಯಾಸವೇ ಉಳಿದುಬಂದಿತ್ತು. 1963-66ರ ಅವಧಿಯಲ್ಲಿ ಮುರ್ರಾ ಇದೇ ಪ್ರದೇಶದಲ್ಲಿ ಪುರಾತತ್ತ್ವಜ್ಞರನ್ನೊಳಗೊಂಡ ತಂಡದೊಡನೆ ಸಂಶೋಧನೆ ನಡೆಸಿದರು. ತಂಡದಲ್ಲಿದ್ದ ಕ್ರೇಗ್ ಮಾರಿಸ್, ವಾನುಕೋ ಪಂಪಾ ಎಂಬ ಇಂಕಾ ಆಡಳಿತ ಕೇಂದ್ರದ ಗುಡ್ಡದ ಮೇಲೆ ಸಾಲಾಗಿ ಕಟ್ಟಿದ್ದ ಸುಮಾರು 500 ಕಣಜಗಳನ್ನು ಅಧ್ಯಯನ ಮಾಡಿದರು. ಕಾಗದದ ಮಾತಿಗೆ ಕಲ್ಲು ಸಾಕ್ಷಿಯಾಯಿತು.

ಈ ಆಕರಗಳಿಂದ ಮೂಡಿದ್ದೇ 1972ರಲ್ಲಿ ಮಂಡಿತವಾದ ‘ಲಂಬ ದ್ವೀಪಸಮೂಹ’ ಎಂಬ ಪ್ರಸಿದ್ಧ ಪರಿಕಲ್ಪನೆ. ಆಂಡಿಸ್‌ನಲ್ಲಿ ಎತ್ತರ ಬದಲಾದಂತೆ ಬೆಳೆಯೂ ಬದಲಾಗುತ್ತದೆ. ವಾನುಕೋದ ಚುಪಾಚು ಜನರ ಮೂಲ ನೆಲೆಯಲ್ಲಿ ಆಲೂಗಡ್ಡೆ, ಮೆಕ್ಕೆಜೋಳ. ಮೇಲಕ್ಕೆ ಕೆಲವು ದಿನಗಳ ನಡಿಗೆಯಲ್ಲಿ ಹುಲ್ಲುಗಾವಲು ಮತ್ತು ಉಪ್ಪು. ಕೆಳಕ್ಕೆ ಕೆಲವು ದಿನಗಳ ನಡಿಗೆಯಲ್ಲಿ ಹತ್ತಿ, ಕೋಕಾ. ಇವನ್ನು ಅವರು ಸಂತೆಯಲ್ಲಿ ಕೊಳ್ಳುತ್ತಿರಲಿಲ್ಲ. ತಮ್ಮವರನ್ನೇ ಅಲ್ಲಿಗೆ ಕಳುಹಿಸಿ ನೆಲೆಗೊಳಿಸುತ್ತಿದ್ದರು. ಹಾಗೆ ಹೋದ ಕುಟುಂಬಗಳಿಗೆ ತಾಯ್ನೆಲದಲ್ಲಿನ ಹಕ್ಕುಗಳು ಉಳಿದಿರುತ್ತಿದ್ದವು. ನಡುವಣ ಭೂಮಿ ಅನ್ಯರದಾಗಿರಬಹುದು. ಒಂದೇ ಕಣಿವೆಯಲ್ಲಿ ಹಲವು ಜನಾಂಗಗಳ ನೆಲೆಗಳು ಒತ್ತಾಗಿ ಇರಬಹುದು. ಸುಮಾರು 20,000 ಮನೆಗಳಿದ್ದ ಚುಕ್ವಿಟೋದ ಲುಪಾಕಾ ಜನರು ಪೆಸಿಫಿಕ್ ತೀರದ ಕಣಿವೆಗಳವರೆಗೂ ಇಂತಹ ನೆಲೆಗಳನ್ನು ಹೊಂದಿದ್ದರು. ಅಖಂಡ ಗಡಿಯುಳ್ಳ ಪ್ರದೇಶಕ್ಕೆ ಮಾತ್ರ ನಾಡೆಂಬ ಹೆಸರು ಸಲ್ಲುತ್ತದೆ ಎಂಬ ಗ್ರಹಿಕೆಯನ್ನೇ ಈ ವಿವರಣೆ ಪ್ರಶ್ನಿಸಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಅವರ 1973ರ ಲೇಖನ ಇನ್ನೂ ಮಹತ್ತ್ವದ್ದು. 1561ರಲ್ಲಿ ಹಾವ್ಹಾ ಕಣಿವೆಯ ಮುಖಂಡರು ಲಿಮಾದ ನ್ಯಾಯಾಲಯದ ಮುಂದೆ ‘ಕಿಪು’ ಎಂಬ ಗಂಟಿನ ಹುರಿಗಳನ್ನು ಬಿಡಿಸಿ ಲೆಕ್ಕ ಒಪ್ಪಿಸಿದ್ದರು. 1533ರಿಂದ ಸ್ಪೇನಿಗರಿಗೆ ತಾವು ಕೊಟ್ಟದ್ದೆಷ್ಟು, ಅವರು ದೋಚಿದ್ದೆಷ್ಟು ಎಂಬುದೆಲ್ಲ ಆ ಗಂಟುಗಳಲ್ಲಿತ್ತು. ಇತರರು ಅಂಕಿಗಳನ್ನು ಮಾತ್ರ ನೋಡಬಹುದಾಗಿದ್ದಲ್ಲಿ ಮುರ್ರಾ ಅನುಕ್ರಮವನ್ನು ನೋಡಿದರು. ಮೊದಲು ಮನುಷ್ಯರು, ಬಳಿಕ ಲಾಮಾಗಳು, ಆಮೇಲೆ ಬಟ್ಟೆ, ಅನಂತರ ಧಾನ್ಯ ಮೊದಲಾದವು. ಜಗತ್ತನ್ನು ವರ್ಗೀಕರಿಸುವ ದೇಶೀಯ ಕ್ರಮವೊಂದು ಪರಭಾಷೆಯ ನ್ಯಾಯಾಲಯದ ಕಡತದಲ್ಲಿಯೂ ಅಳಿಯದೆ ಉಳಿದಿತ್ತು.

1968ರಿಂದ ನಿವೃತ್ತಿಯವರೆಗೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಮುರ್ರಾ, ಆಂಡಿಸ್ ಮೂಲದ ಲೇಖಕ ವಾಮನ್ ಪೋಮಾನ ಸಚಿತ್ರ ಬೃಹತ್ ಕೃತಿಯನ್ನು ರೊಲೇನಾ ಅಡೋರ್ನೊ ಅವರೊಡನೆ ಸಂಪಾದಿಸಿ 1980ರಲ್ಲಿ ಪ್ರಕಟಿಸಿದರು, 2006ರಲ್ಲಿ ನಿಧನರಾದರು. ಅವರ ಮಾದರಿ ಪ್ರಶ್ನಾತೀತವೇನಲ್ಲ. ಕರಾವಳಿಯಲ್ಲಿ ಕಸುಬುಗಳ ವಿಶೇಷೀಕರಣ ಮತ್ತು ವಿನಿಮಯ ಬಲವಾಗಿದ್ದವೆಂದು ಪೆರುವಿನ ಇತಿಹಾಸಜ್ಞೆ ಮರಿಯಾ ರೊಸ್ಟ್ವೊರೊವ್ಸ್ಕಿ ತೋರಿಸಿದರು. ಉತ್ತರದ ಆಂಡಿಸ್‌ನಲ್ಲಿ ವೃತ್ತಿನಿರತ ವರ್ತಕರಿದ್ದುದನ್ನು ಮುರ್ರಾ ಅವರ ಶಿಷ್ಯ ಫ್ರಾಂಕ್ ಸಾಲೊಮನ್ ಅವರೇ ವಿವರಿಸಿದರು. ಸ್ವತಃ ಮುರ್ರಾ 1972ರ ಪ್ರಬಂಧದಲ್ಲಿ ಐದು ನಿದರ್ಶನಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸಿದ್ದು ಮಾದರಿಯ ಮಿತಿಗಳನ್ನು ಅರಿಯುವುದಕ್ಕಾಗಿಯೇ.

ಮಾದರಿಗಳು ತಿದ್ದುಪಡಿಗೆ ಒಳಗಾಗಬಹುದು, ವಿಧಾನ ಉಳಿಯುತ್ತದೆ. ಆಳುವವರು ತಮ್ಮ ಪ್ರಯೋಜನಕ್ಕಾಗಿ ಬರೆಸಿದ ಕಡತದಲ್ಲಿಯೂ ಆಳಿಸಿಕೊಂಡವರ ಮಾತು ಸಿಕ್ಕಿಕೊಂಡಿರುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಸಂಶೋಧಕನಿಗೆ ಇರಬೇಕು. ಕ್ಷೇತ್ರದಿಂದ ದೂರ ಇಡಲ್ಪಟ್ಟ ವರ್ಷಗಳಲ್ಲಿ ಮುರ್ರಾ ಅವರು ಕಲಿತ ವಿದ್ಯೆ ಇದು.