ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳು

ಮುಂಬಯಿಯ ಫೋರ್ಟ್ ಪ್ರದೇಶವು ಬ್ಯಾಂಕುಗಳಿಗೂ ಷೇರು ವ್ಯವಹಾರಕ್ಕೂ ಹೆಸರಾದುದು. ಉಡುಪಿ ಹೋಟೆಲುಗಳು, ಲೆಕ್ಕಪರಿಶೋಧಕರ ಕಚೇರಿಗಳು ಮೊದಲಾದ ಸಣ್ಣ ಉದ್ಯಮಗಳೂ ಅಲ್ಲಿವೆ. ಇಂತಹ ಉದ್ಯಮಗಳಲ್ಲಿ ಲೆಕ್ಕಪತ್ರದ ತಂತ್ರಾಂಶವು ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂತಿದ್ದರೆ ತೊಡಕು ಉಂಟಾಗುತ್ತದೆ. ತಯಾರಕರ ಬೆಂಬಲ ನಿಂತ ವ್ಯವಸ್ಥೆಗೆ ಭದ್ರತಾ ಪರಿಷ್ಕರಣೆಗಳು ದೊರೆಯುವುದಿಲ್ಲ; ಅದರಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕರ.

ಫೋರ್ಟ್‌ನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತೀಯ ರಿಸರ್ವ್ ಬ್ಯಾಂಕು ಈ ಅಪಾಯವನ್ನು ಗಮನಿಸಿ, ಎಟಿಎಂಗಳಲ್ಲಿರುವ ಬೆಂಬಲರಹಿತ ವ್ಯವಸ್ಥೆಗಳನ್ನು 2019ರ ಜೂನ್ ಒಳಗೆ ಹಂತಹಂತವಾಗಿ ಬದಲಾಯಿಸುವಂತೆ 2018ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಹೊಂದುವುದಿಲ್ಲ.

ಯಂತ್ರವನ್ನು ಬದಲಾಯಿಸದೆಯೇ ಅನುಸರಿಸಬಹುದಾದ ಒಂದು ಮಾರ್ಗವೆಂದರೆ ಡ್ಯುಯಲ್ ಬೂಟ್. ಹಾರ್ಡ್ ಡಿಸ್ಕನ್ನು ಭಾಗಗಳಾಗಿ ವಿಂಗಡಿಸಿ, ಒಂದರಲ್ಲಿ ವಿಂಡೋಸನ್ನು ಉಳಿಸಿಕೊಂಡು, ಇನ್ನೊಂದರಲ್ಲಿ ಲಿನಕ್ಸನ್ನು ಅಳವಡಿಸಲಾಗುತ್ತದೆ. ಯಂತ್ರವನ್ನು ಚಾಲೂ ಮಾಡಿದಾಗ ಬೂಟ್ ಲೋಡರ್ ಎಂಬ ಕಿರು ತಂತ್ರಾಂಶವು ಎರಡರಲ್ಲಿ ಯಾವುದು ಬೇಕೆಂದು ಕೇಳುತ್ತದೆ. ಒಮ್ಮೆಗೆ ಒಂದು ವ್ಯವಸ್ಥೆ ಮಾತ್ರ ನಡೆಯುವುದರಿಂದ ಯಂತ್ರದ ಸಾಮರ್ಥ್ಯವೆಲ್ಲ ಅದಕ್ಕೇ ಲಭ್ಯ. ಹಳೆಯ ಲೆಕ್ಕಪತ್ರದ ಕೆಲಸವನ್ನು ಅಂತರಜಾಲದ ಸಂಪರ್ಕವಿಲ್ಲದ ವಿಂಡೋಸ್‌ನಲ್ಲಿಯೂ, ಬ್ಯಾಂಕ್ ಹಾಗೂ ತೆರಿಗೆಯ ಕೆಲಸವನ್ನು ಪರಿಷ್ಕರಣೆ ದೊರೆಯುತ್ತಿರುವ ಲಿನಕ್ಸ್‌ನಲ್ಲಿಯೂ ಮಾಡಬಹುದು. ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಹೊರತಂದ ‘ಬಾಸ್’ ಎಂಬ ಲಿನಕ್ಸ್ ವ್ಯವಸ್ಥೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಿದೆ.

ಅಳವಡಿಸುವ ಮೊದಲು ಕೆಲವು ಮುನ್ನೆಚ್ಚರಿಕೆಗಳು ಅಗತ್ಯ:

1. ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇರಿಸಿ, ಅದು ತೆರೆಯುವುದೇ ಎಂದು ಪರೀಕ್ಷಿಸಬೇಕು. ವಿಂಗಡಣೆಯಲ್ಲಿ ತಪ್ಪಾದರೆ ವರ್ಷಗಳ ಲೆಕ್ಕವೇ ಅಳಿಸಿಹೋಗಬಹುದು.

2. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆ ಇದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

3. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ನಿಲ್ಲಿಸಬೇಕು. ಇಲ್ಲವಾದರೆ ವಿಂಡೋಸ್ ಪೂರ್ಣವಾಗಿ ಮುಚ್ಚುವುದಿಲ್ಲ. ಲಿನಕ್ಸ್‌ನಿಂದ ಆ ಭಾಗಕ್ಕೆ ಬರೆದರೆ ಕಡತಗಳು ಕೆಡಬಹುದು.

4. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಸ್ಥಳೀಯ ವೇಳೆಯನ್ನೂ, ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ವೇಳೆಯನ್ನೂ ಇರಿಸುತ್ತವೆ. ಇದರಿಂದ ಭಾರತದಲ್ಲಿ ಐದೂವರೆ ಗಂಟೆಗಳ ವ್ಯತ್ಯಾಸ ಕಾಣಬಹುದು. ಪಾವತಿಗಳ ವೇಳೆಯೂ ತಪ್ಪಾಗಿ ದಾಖಲಾಗಬಹುದು. ಎರಡನ್ನೂ ಒಂದೇ ಕ್ರಮಕ್ಕೆ ಹೊಂದಿಸಬೇಕು.

ಎರಡು ವ್ಯವಸ್ಥೆಗಳಿದ್ದರೂ ಡಿಸ್ಕು ಒಂದೇ. ಅದು ಕೆಟ್ಟರೆ ಎರಡೂ ಕೈತಪ್ಪುತ್ತವೆ. ಆದುದರಿಂದ ಲೆಕ್ಕಪತ್ರಗಳ ಪ್ರತಿಯನ್ನು ಆಗಾಗ್ಗೆ ಯಂತ್ರದ ಹೊರಗೆ ತೆಗೆದಿರಿಸುವ ಪದ್ಧತಿಯನ್ನು ಅಳವಡಿಕೆಯ ನಂತರವೂ ತಪ್ಪದೆ ಪಾಲಿಸಬೇಕು.