'ಗೊತ್ತಿಲ್ಲಣ್ಣ'ದೊಳಗಿನ ಇಂಗ್ಲಿಷ್ ಪಾಠ

ಮೊನ್ನೆ ಭಾನುವಾರ ನಾವು ನಾಲ್ಕು ಜನ ಮಲೆಬೆನ್ನೂರಿಗೆ, ಗೆಳೆಯನ ಮನೆಗೆ ಹೋಗಿದ್ವಿ. ಐದನೇ ಕ್ಲಾಸಿನ ಅವನ ತಂಗಿ ಇಂಗ್ಲಿಷ್ ಹೋಂವರ್ಕ್ ಹಿಡ್ಕೊಂಡು ಕೂತಿದ್ಲು. 'ಐ ಕಾಂಟ್ ಸ್ವಿಮ್' ಅನ್ನೋ ವಾಕ್ಯಕ್ಕೆ ಅವಳು ಬರೆದಿದ್ದ ಅರ್ಥ: 'ನನಗೆ ಈಜು ಬರುತ್ತದೆ'. ಭದ್ರಾ ನಾಲೆಯ ಸೀಮೆಯಲ್ಲಿ ಈ ತಪ್ಪು ಬರೀ ಒಂದು ಮಾರ್ಕಿನದಲ್ಲ! "ಕಾಂಟ್ ಅಂದ್ರೆ ಏನಮ್ಮ?" ಅಂದ್ವಿ. "ಗೊತ್ತಿಲ್ಲಣ್ಣ" ಅಂದ್ಲು.

ಉತ್ತರ ಅವಳ ಬಾಯಲ್ಲೇ ಇತ್ತು. ಗೊತ್ತು + ಇಲ್ಲ + ಅಣ್ಣ. ಮೊದಲ ಜಾಗದಲ್ಲಿ 'ಉ' ಹೋಯ್ತು, ಎರಡನೆಯದರಲ್ಲಿ ಒಂದು 'ಅ' ಹೋಯ್ತು. ಹೈಸ್ಕೂಲಲ್ಲಿ ನಾವೆಲ್ಲ ಓದಿದ ಲೋಪಸಂಧಿ ಇದೇ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಧಿಗೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ.

ಇಂಗ್ಲಿಷಿನ 'ಡೋಂಟ್' ಕೂಡ ಹೀಗೇ. 'ಡು' ಮತ್ತು 'ನಾಟ್' ಸೇರುವಾಗ 'ನಾಟ್'ನ ಓ ಅಕ್ಷರ ಬಿದ್ದುಹೋಗುತ್ತದೆ. ವ್ಯತ್ಯಾಸ ಒಂದೇ: ಕನ್ನಡದಲ್ಲಿ ಹೋದ ಅಕ್ಷರಕ್ಕೆ ಗುರುತಿಲ್ಲ. ಇಂಗ್ಲಿಷಿನಲ್ಲಿ ಅದು ಇದ್ದ ಜಾಗಕ್ಕೆ ಅಪಾಸ್ಟ್ರಫಿ, ಅಂದರೆ ಮೇಲೊಂದು ಕಾಮಾ, ಬರುತ್ತದೆ. ಡೋಂಟ್, ಕಾಂಟ್, ಈಸಂಟ್ ಎಲ್ಲವನ್ನೂ ಬೇರೆ ಬೇರೆ ಪದ ಅಂತ ಬಾಯಿಪಾಠ ಮಾಡಿಸಿದರೆ, ಒಳಗೆ 'ನಾಟ್' ಅಡಗಿರೋದು ಮಕ್ಕಳಿಗೆ ಕಾಣೋದೇ ಇಲ್ಲ.

ಹಾಗಾಗಿ ಹಳೇ ಲ್ಯಾಬ್ ರೆಕಾರ್ಡಿನ ಹಾಳೆ ಹರಿದು ಉದ್ದನೆಯ ಪಟ್ಟಿ ಮಾಡಿದ್ವಿ. ಅದರ ಮೇಲೆ ಇಂಗ್ಲಿಷಿನಲ್ಲಿ 'ಡು ನಾಟ್' ಬರೆದು, ಓ ಅಕ್ಷರ ಒಳಗೆ ಹೋಗೋ ಹಾಗೆ ಮಡಚಿ, ಮಡಿಕೆ ಮೇಲೆ ಅಪಾಸ್ಟ್ರಫಿ ಹಾಕಿದ್ವಿ. ಬಿಡಿಸಿದ್ರೆ ಪೂರ್ತಿ ರೂಪ, ಮಡಚಿದ್ರೆ ಚಿಕ್ಕ ರೂಪ. 'ಕ್ಯಾನಾಟ್'ನಲ್ಲಿ ಒಂದು ಎನ್, ಒಂದು ಓ, ಎರಡೂ ಒಳಗೆ ಹೋಗಬೇಕು.

ಎರಡು ಕಡೆ ಹುಷಾರಾಗಿರಬೇಕು. 'ವೋಂಟ್' ಮಡಚಿದರೆ ಬರಲ್ಲ; 'ವಿಲ್'ಗೆ ಹಿಂದೆ ಇದ್ದ 'ವೋಲ್' ಅನ್ನೋ ರೂಪದಿಂದ ಬಂದದ್ದು ಅದು. ಅದೊಂದನ್ನು ನೆನಪಿಟ್ಟುಕೊಳ್ಳಲೇಬೇಕು. ಇನ್ನು 'ಇಟ್ಸ್': ಬಿಡಿಸಿದಾಗ 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಆದರೆ ಮಾತ್ರ ಅಪಾಸ್ಟ್ರಫಿ. 'ಅದರ' ಅನ್ನೋ ಅರ್ಥದಲ್ಲಿ ಬೇಡ. ಇದರಲ್ಲಿ ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳೂ ಎಡವುತ್ತವೆ!

ಪಟ್ಟಿ ಬಿಡಿಸಿ ನೋಡಿದ ತಂಗಿ ತಾನೇ ತಿದ್ದಿದ್ಲು: 'ನನಗೆ ಈಜು ಬರಲ್ಲ.' "ಪರೀಕ್ಷೆಯಲ್ಲಿ 'ಬರುವುದಿಲ್ಲ' ಅಂತ ಬರಿಯಮ್ಮ" ಅಂದ್ವಿ. ಇಂಗ್ಲಿಷಿನ ರೂಢಿಯೂ ಇದೇ ಅಲ್ವಾ? ಮಾತಿಗೆ, ಗೆಳೆಯರ ಮೆಸೇಜಿಗೆ 'ಡೋಂಟ್' ಸಾಕು. ರಿಪೋರ್ಟಿಗೆ, ಕಂಪನಿಗೆ ಬರೆಯುವ ಅರ್ಜಿಗೆ 'ಡು ನಾಟ್' ಒಳ್ಳೆಯದು.

ಕನ್ನಡ ಮೀಡಿಯಂನಿಂದ ಬಂದ ನಮ್ಮಲ್ಲಿ ಎಷ್ಟೋ ಜನ ಫಸ್ಟ್ ಸೆಮ್‌ನಲ್ಲಿ ಬಾಯಿ ಬಿಡದೆ ಕೂತಿದ್ದು ಇಂಥ ಸಣ್ಣ ಗೊಂದಲಗಳಿಂದಲೇ. ರಜೆಗೆ ಊರಿಗೆ ಹೋದಾಗ ತಮ್ಮ ತಂಗಿಯರ ಜೊತೆ ಕೂತು ಒಂದು ಪಟ್ಟಿ ಮಡಚಿ ನೋಡಿ. ಅರ್ಧ ಗಂಟೆ ಸಾಕು.