ಪೀಣ್ಯದ ಗೋಡೆಯಲ್ಲಿ ‘ವರ್ಕ್ಸ್’

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾಣುವ ಪದ ‘ವರ್ಕ್ಸ್’. ಬಾಯಲ್ಲಿ ಹೇಳಲು ಅರೆಕ್ಷಣ ಸಾಕು. ಗೋಡೆಯ ಮೇಲೆ ಎರಡಡಿ ಎತ್ತರಕ್ಕೆ ಬರೆಯಲು ಹೋಗಿ, ಕಷ್ಟ ತಿಳಿಯುತ್ತದೆ. ಕೆಳಗೆ ಸಕಾರದ ಒತ್ತು, ಪಕ್ಕದಲ್ಲಿ ಅರ್ಕಾವತ್ತು, ಮೇಲೆ ಪೊಲ್ಲು. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಎರಡು ಗೆರೆ ಸಾಕು. ಕನ್ನಡ ಮೇಲೂ ಕೆಳಗೂ ಜಾಗ ಕೇಳುತ್ತದೆ. ಆ ಜಾಗವನ್ನು ಕಣ್ಣಳತೆಯಲ್ಲೇ ಹಂಚುವವರು ಬೋರ್ಡ್ ಬರೆಯುವವರು. ಹೌದು, ‘ಬರೆಯುವವರು’. ನಮ್ಮಲ್ಲಿ ಚಿತ್ರವನ್ನೂ ಬರೆಯುತ್ತಾರಲ್ಲ!

ಕೆಲಸ ಶುರುವಾಗುವುದು ದಾರದಿಂದ. ಬಣ್ಣದ ಪುಡಿ ಸವರಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಗೆ ನೇರ ಗೆರೆ ಬೀಳುತ್ತದೆ. ಕಂಪನಿಯ ಗುರುತಾದರೆ ಕಾಗದದಲ್ಲಿ ಬರೆದು, ಅಂಚಿನುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಅದನ್ನು ಗೋಡೆಗೆ ಹಿಡಿದು ಇದ್ದಿಲ ಪುಡಿಯ ಗಂಟನ್ನು ತಟ್ಟುತ್ತಾರೆ. ದೊಡ್ಡ ಚಿತ್ರಕ್ಕೆ ಚೌಕ ಹಾಕಿಕೊಳ್ಳುವುದೇ ದಾರಿ.

ಫ್ಲೆಕ್ಸ್ ಬಂದ ಮೇಲೆ ಈ ಕೈಗಳಿಗೆ ಕೆಲಸ ತಪ್ಪಿತು. 2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳಿಗೆ ಚಿತ್ರ ಬರೆಸಿದಾಗ ಸಿನಿಮಾ ಬ್ಯಾನರ್ ಕಲಾವಿದರು ಮತ್ತೆ ಏಣಿ ಹತ್ತಿದರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಫ್ಲೆಕ್ಸ್ ಮಾತ್ರ ಎಲ್ಲೂ ಹೋಗಲಿಲ್ಲ, ಅದು ಬೇರೆ ಮಾತು.

ಹಳೆಯ ಗೋಡೆ ಜಾಹೀರಾತಿಗೂ ಜೀರ್ಣೋದ್ಧಾರವೇ ಎಂದು ನಗಬಹುದು. ಅಮೆರಿಕದ ಜಾರ್ಜಿಯಾದಲ್ಲಿ, ಕಾರ್ಟರ್ಸ್‌ವಿಲ್ ಎಂಬ ಸಣ್ಣ ಊರಿನ ಔಷಧಿ ಅಂಗಡಿಯ ಗೋಡೆಗೆ 1894ರಲ್ಲಿ ಬರೆದ ಕೋಕಾ ಕೋಲಾ ಜಾಹೀರಾತನ್ನು ಮೇಲಿನ ಬಣ್ಣದ ಪದರಗಳನ್ನು ತೆಗೆದು ಉಳಿಸಿಕೊಂಡಿದ್ದಾರೆ. ಅಲ್ಲಿನದು ಇಟ್ಟಿಗೆಯೊಳಕ್ಕೆ ಇಳಿದ ಬಣ್ಣ. ನಮ್ಮದು ಸುಣ್ಣದ ಮೇಲಿನ ಸಂಸಾರ: ಸುಣ್ಣ ಎದ್ದರೆ ಬರಹವೂ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮುಂದಿನ ವರ್ಷ ಅದೇ ಗೋಡೆಗೆ ಹೊಸ ಸುಣ್ಣ, ಹೊಸ ಸಿಮೆಂಟ್ ಕಂಪನಿ. ಹಾಗಾಗಿ ಇಲ್ಲಿ ಉಳಿಸುವುದೆಂದರೆ ಬಹುಪಾಲು ಮತ್ತೆ ಬರೆಯುವುದೇ. ತಜ್ಞರು ಇದನ್ನು ಒಪ್ಪಲಿಕ್ಕಿಲ್ಲ. ನನಗೆ ಮಾತ್ರ, ಗೋಡೆಗಿಂತ ಮೊದಲು ಆ ಒತ್ತಿನ ತಿರುವು ಗೊತ್ತಿರುವ ಕೈ ಉಳಿಯಬೇಕು ಅನಿಸುತ್ತದೆ.

ಮತ್ತೆ ಬರೆಯುವುದೂ ಹಗುರದ ಕೆಲಸವಲ್ಲ. ಹಳೆಯ ಎನಾಮೆಲ್‌ನಲ್ಲಿ ಸೀಸವಿರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಒಣಗೋಡೆಯನ್ನು ಉಜ್ಜಿದರೆ ಆ ದೂಳು ಎದೆಗಿಳಿಯುತ್ತದೆ, ಒದ್ದೆ ಮಾಡಿಯೇ ಉಜ್ಜಬೇಕು. ಕೆಂಪು ಬೇಗ ಮಾಸಿರುತ್ತದೆ, ಇದ್ದಿಲ ಕಪ್ಪು ತಾಳುತ್ತದೆ. ಉಳಿದ ಕಪ್ಪಿನ ಅಂಚನ್ನು ಹಿಡಿದು ಹೋದ ಕೆಂಪನ್ನು ಊಹಿಸಬೇಕು.

ಬರಹ ಯಾವ ಕಾಲದ್ದು? ತಾರೀಖು ಹಾಕುವ ರೂಢಿಯಿಲ್ಲ. ಕೆಳಗಿನ ಮೂಲೆಯಲ್ಲಿ ಬರೆದವರ ‘ಆರ್ಟ್ಸ್’ ಹೆಸರು, ಪಕ್ಕದಲ್ಲೊಂದು ಫೋನ್ ನಂಬರ್ ಇರುತ್ತದೆ. ಬೆಂಗಳೂರಿನ ಲ್ಯಾಂಡ್‌ಲೈನ್ ಈಗ ಎಂಟು ಅಂಕಿಯದು. ಗೋಡೆಯಲ್ಲಿ ಏಳೇ ಇದ್ದರೆ, ಉಜ್ಜುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.